ಅಪ್ಪನ ಯೆಜ್ಡಿ, ಅಲ್ಯೂಮಿನಿಯಂ ಹೊಳಪು ಮತ್ತು ಕಣ್ಣಿಗೆ ಕಾಣದ ಒಂದು ಪದರದ ಇತಿಹಾಸ

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ರಿಲೀಸ್, ಮನೆಯಲ್ಲಿ ಸೋಮಾರಿತನ, ಎರಡಕ್ಕೂ ಸಮಪಾಲು. ಈಗ ಬಂದಿರುವುದು ಒಂದು ತಪ್ಪೊಪ್ಪಿಗೆಗೆ. ಆ ತಪ್ಪು ಯಾಕಾಯ್ತು ಅಂತ ಹುಡುಕುತ್ತಾ ಹೋದರೆ ಇನ್ನೂರು ವರ್ಷದ ಇತಿಹಾಸ ಸಿಕ್ಕಿತು. ಹಾಗಾಗಿ ಸ್ವಲ್ಪ ಉದ್ದದ ಬರಹ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ :)

ನಮ್ಮಪ್ಪನ ಹತ್ತಿರ ಒಂದು ಯೆಜ್ಡಿ ಇದೆ. ಮೈಸೂರಿನವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಬೈಕು ತಯಾರಾಗುತ್ತಿತ್ತು. ಮೊದಲು ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ. ಅಪ್ಪನ ಗಾಡಿ 1986ರದ್ದು. ನಾನು ಹುಟ್ಟುವ ಮೊದಲೇ ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು.

ಈ ಗಾಡಿಯ ಇಂಜಿನ್ನಿನ ಎರಡೂ ಪಕ್ಕ ಮೊಟ್ಟೆಯಂತೆ ನುಣುಪಾದ ಅಲ್ಯೂಮಿನಿಯಂ ಕವರುಗಳಿವೆ. ಎಡಗಡೆ ಗೇರೂ ಕಿಕ್ಕೂ ಒಂದೇ ಸನ್ನೆಯಲ್ಲಿ. ನನಗೆ ಬುದ್ಧಿ ಬಂದಾಗಿನಿಂದ ಭಾನುವಾರ ಬೆಳಿಗ್ಗೆಯ ದೃಶ್ಯ ಒಂದೇ. ಅಪ್ಪ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಹಳೇ ಬನಿಯನ್ ತುಂಡಿಗೆ ಬ್ರಾಸೋ ಹಾಕಿ, ಆ ಕವರುಗಳನ್ನು ಉಜ್ಜುವುದು. ಅಮ್ಮ ಎರಡು ಸಲ ತಿಂಡಿಗೆ ಕರೆಯುವುದು. ಮೂರನೇ ಸಲಕ್ಕೆ ಬೈಯುವುದು.

2022ರ ಹೊತ್ತಿಗೆ ಅಪ್ಪನಿಗೆ ಮಣಿಕಟ್ಟು ನೋವು ಶುರುವಾಯಿತು. ನಮ್ಮ ಕಸುಬು ನಿಮಗೆ ಗೊತ್ತಲ್ಲ, ಯಾರಾದರೂ ವಾರವಾರ ಕೈಯಲ್ಲಿ ಒಂದೇ ಕೆಲಸ ಮಾಡುವುದು ಕಂಡರೆ ಅದಕ್ಕೊಂದು ಸ್ಕ್ರಿಪ್ಟ್ ಬರೆದುಬಿಡೋಣ ಅನ್ನಿಸುತ್ತದೆ. ಆ ಜುಲೈನಲ್ಲಿ ಒಂದು ವಾರ ರಜೆ ಹಾಕಿ ಬಂದವನು ಎರಡೂ ಕವರು ಬಿಚ್ಚಿಸಿ, ಕನ್ನಡಿ ತರಹ ಬಫಿಂಗ್ ಮಾಡಿಸಿ, ಮನೆಗೆ ತಂದು ಡಬ್ಬಿಯಲ್ಲಿ ಬರುವ ಕ್ಲಿಯರ್ ಲ್ಯಾಕರ್ ಸ್ಪ್ರೇ ಹೊಡೆದೆ. ಒಣಗಿದ ಮೇಲೆ ಜೋಡಿಸಿ, "ಇನ್ಮೇಲೆ ಬಟ್ಟೇಲಿ ಒರೆಸಿದ್ರೆ ಸಾಕಪ್ಪ, ಉಜ್ಜೋದೇ ಬೇಡ" ಅಂದೆ. ಅಪ್ಪ "ಹೌದಾ" ಅಂದರು. ಅಷ್ಟೇ.

ಎರಡು ಮಳೆಗಾಲ ಕಳೆಯಿತು. 2024ರ ದಸರಾಕ್ಕೆ ಊರಿಗೆ ಹೋದಾಗ, ಆಯುಧಪೂಜೆಗೆ ಗಾಡಿ ತೊಳೆಯುತ್ತಿದ್ದ ಅಪ್ಪ ಕರೆದರು. "ಲೋ, ಇಲ್ನೋಡು. ಗೆದ್ದಲು ಹಿಡ್ದಂಗಿದೆ."

ನಿಜಕ್ಕೂ ಹಾಗೇ ಇತ್ತು. ಪದರ ಅಂಚಿನಲ್ಲಿ ಹಾಲಿನಂತೆ ಬೆಳ್ಳಗಾಗಿ, ನಡುವೆ ತುಸು ಹಳದಿಯಾಗಿತ್ತು. ಅದರ ಕೆಳಗೆ ದಾರದಷ್ಟು ಸಣ್ಣ ಬಿಳಿ ಗೆರೆಗಳು ಅಂಕುಡೊಂಕಾಗಿ ಹರಿದಿದ್ದವು. ಮೇಲೆ ಬ್ರಾಸೋ ಹಾಕಿ ಉಜ್ಜಿದರೂ ಪ್ರಯೋಜನವಿಲ್ಲ, ಯಾಕೆಂದರೆ ಕೊಳೆ ಇರುವುದು ಗಾಜಿನ ಆ ಕಡೆ. ನಲವತ್ತು ವರ್ಷ ಹತ್ತಿರವಾದ ಗಾಡಿಗೆ ಯಾರೂ ಮಾಡದ ಹಾನಿಯನ್ನು ನಾನು ಎರಡು ವರ್ಷದಲ್ಲಿ ಮಾಡಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಓದು.

ಹೊಳೆಯುವ ಲೋಹ, ಮಂಕಾಗುವ ಲೋಹ

ಅಲ್ಯೂಮಿನಿಯಂ ಹೊಸ ಲೋಹ. ಚಿನ್ನ, ತಾಮ್ರ, ಕಬ್ಬಿಣಕ್ಕೆ ಸಾವಿರಾರು ವರ್ಷದ ಚರಿತ್ರೆ ಇದ್ದರೆ ಇದಕ್ಕೆ ಇನ್ನೂರು. 1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, 1827ರಲ್ಲಿ ಜರ್ಮನಿಯ ವೋಲರ್ ಇದನ್ನು ಚೂರುಪಾರು ಬೇರ್ಪಡಿಸಿದರು. 1854ರಲ್ಲಿ ಫ್ರಾನ್ಸಿನ ಸೇಂತ್ ಕ್ಲೇರ್ ದೆವಿಲ್ ಸ್ವಲ್ಪ ಹೆಚ್ಚಿನ ಪ್ರಮಾಣದಲ್ಲಿ ತಯಾರಿಸುವ ದಾರಿ ಕಂಡುಕೊಂಡ. ಮರುವರ್ಷ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅದನ್ನು ಬೆಲೆಬಾಳುವ ವಸ್ತುವಿನಂತೆ ಇಟ್ಟಿದ್ದರು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ್ದು ಸುಮಾರು 2.8 ಕಿಲೋ ತೂಕದ ಅಲ್ಯೂಮಿನಿಯಂ ಕಳಶವನ್ನು. ನಾವು ಗೋಪುರಕ್ಕೆ ಚಿನ್ನದ ಕಳಶ ಇಟ್ಟ ಹಾಗೆ!

ಎರಡೇ ವರ್ಷಕ್ಕೆ ಅದರ ಅಂತಸ್ತು ಇಳಿಯಿತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರ ಪರಿಚಯವೇ ಇಲ್ಲದೆ, ಕರೆಂಟಿನಿಂದ ಅಲ್ಯೂಮಿನಿಯಂ ತೆಗೆಯುವ ಒಂದೇ ವಿಧಾನವನ್ನು ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡಿದ್ದು 1914ರಲ್ಲಿ. ಸಿನಿಮಾದಲ್ಲಿ ತೋರಿಸಿದ್ದರೆ ನಂಬುತ್ತಿರಲಿಲ್ಲ. ಇವತ್ತಿಗೂ ಅದೇ ವಿಧಾನ. ಒಂದು ಕಿಲೋ ಲೋಹಕ್ಕೆ ಸುಮಾರು 13ರಿಂದ 15 ಯೂನಿಟ್ ಕರೆಂಟ್ ಬೇಕು. ಅದಕ್ಕೆ ಬೇಕಾದ ಅಲ್ಯೂಮಿನಾ ಪುಡಿಯನ್ನು ಬಾಕ್ಸೈಟ್ ಅದಿರಿನಿಂದ ತೆಗೆಯುವ ಕಾರ್ಖಾನೆ ನಮ್ಮ ಬೆಳಗಾವಿಯಲ್ಲೂ ಇದೆ.

ಬೆಲೆ ಇಳಿದ ಮೇಲೆ ಇಂಜಿನ್ ಮಾಡುವವರ ಕಣ್ಣು ಇದರ ಮೇಲೆ ಬಿತ್ತು. 1903ರಲ್ಲಿ ರೈಟ್ ಸಹೋದರರ ವಿಮಾನದ ಇಂಜಿನ್ನಿನ ಹೊರಕವಚ ಅಲ್ಯೂಮಿನಿಯಂನದೇ ಎರಕ. ತೂಕ ಕಡಿಮೆ, ಶಾಖವನ್ನು ಬೇಗ ಹೊರಗೆ ಬಿಡುತ್ತದೆ, ಉಜ್ಜಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಬೈಕಿಗೆ ಇನ್ನೇನು ಬೇಕು?

ಆದರೆ ಆ ಹೊಳಪು ನಿಲ್ಲುವುದಿಲ್ಲ. ಹಾಗಂತ ಅಲ್ಯೂಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿದು ಉದುರುವುದೂ ಇಲ್ಲ. ಉಜ್ಜಿದ ಕ್ಷಣದಲ್ಲೇ ಗಾಳಿಯ ಆಮ್ಲಜನಕ ಸೇರಿ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದು ಗಟ್ಟಿ, ಪಾರದರ್ಶಕ, ಗೀರು ಬಿದ್ದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅಂದರೆ ಅಲ್ಯೂಮಿನಿಯಂ ಹುಟ್ಟುವಾಗಲೇ ತನ್ನ ಕ್ಲಿಯರ್ ಕೋಟ್ ಹಾಕಿಕೊಂಡೇ ಹುಟ್ಟುತ್ತದೆ. ತೊಂದರೆ ಕೊಡುವುದು ಉಪ್ಪು, ಬೆವರು, ಸೋಪಿನ ಕ್ಷಾರ, ನಿಂತ ನೀರು. ಇವು ಆ ಪದರವನ್ನು ತಿಂದು, ಜಾಗದಲ್ಲಿ ಬಿಳಿ ಪುಡಿ ಬಿಡುತ್ತವೆ. ಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ತೊಳೆದರೆ ಕಪ್ಪಾಗುತ್ತದಲ್ಲ, ಅದೇ ಜಾತಿಯ ಕಥೆ.

ಅರಗಿನಿಂದ ಲ್ಯಾಕರ್‌ವರೆಗೆ

ಹೊಳೆಯುವ ಲೋಹದ ಮೇಲೆ ಕಾಣದ ಪದರ ಹಾಕುವ ಬುದ್ಧಿ ಬೈಕಿಗಿಂತ ಬಹಳ ಹಳೆಯದು. ಅದರ ಬೇರು ನಮ್ಮ ದೇಶದಲ್ಲೂ ಇದೆ ಅಂತ ಗೊತ್ತಾದಾಗ ನನಗೆ ಖುಷಿಯಾಯಿತು. 'ಲ್ಯಾಕರ್' ಎಂಬ ಪದ ಹೊರಟಿದ್ದು ಸಂಸ್ಕೃತದ 'ಲಾಕ್ಷಾ'ದಿಂದ. ಅಂದರೆ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅದೇ ಅರಗು. ಮುತ್ತುಗದಂಥ ಮರಗಳ ಕೊಂಬೆಗೆ ಅಂಟಿಕೊಂಡ ಒಂದು ಸಣ್ಣ ಕೀಟ ಸ್ರವಿಸುವ ರಾಳ ಇದು. ಮೈಸೂರು–ಬೆಂಗಳೂರು ದಾರಿಯಲ್ಲಿ ಚನ್ನಪಟ್ಟಣದ ಬೊಂಬೆ ಕೊಂಡವರೆಲ್ಲ ಇದನ್ನು ಮುಟ್ಟಿದ್ದೀರಿ. ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ, ಆಮೇಲೆ ಗರಿಯಿಂದ ತೀಡಿ ಹೊಳಪು ಬರಿಸುತ್ತಾರೆ.

ಇದೇ ಅರಗನ್ನು ಶುದ್ಧಮಾಡಿದ ಶೆಲ್ಲಾಕ್ ಹಡಗು ಹತ್ತಿ ಯೂರೋಪಿಗೆ ಹೋಯಿತು. 18 ಮತ್ತು 19ನೇ ಶತಮಾನದಲ್ಲಿ ಲಂಡನ್ನಿನ ಕುಶಲಕರ್ಮಿಗಳು ಹಿತ್ತಾಳೆಯ ಮೈಕ್ರೋಸ್ಕೋಪು, ದುರ್ಬೀನು ಮಾಡುತ್ತಿದ್ದರು. ಬೆರಳ ಬೆವರು ತಾಗಿದರೆ ಹಿತ್ತಾಳೆ ಕಪ್ಪಾಗುತ್ತದೆ. ಹಾಗಾಗಿ ಹಿತ್ತಾಳೆಯನ್ನು ಹೊಳಪು ಮಾಡಿ, ಕೈ ತಾಗದಂತೆ ಬೆಚ್ಚಗೆ ಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಶೆಲ್ಲಾಕನ್ನು ಬ್ರಷ್ಷಿನಿಂದ ತೆಳ್ಳಗೆ ಎಳೆಯುತ್ತಿದ್ದರು. ಚಿನ್ನದ ಬಣ್ಣ ಬರಲಿ ಅಂತ ಅದಕ್ಕೆ ಕೆಲವರು ಅರಿಸಿನವನ್ನೂ ಸೇರಿಸುತ್ತಿದ್ದರಂತೆ! ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಂದು, ಅವರು ಲೋಹವನ್ನು ಬೆಚ್ಚಗೆ ಮಾಡಿ ತೇವ ಓಡಿಸುತ್ತಿದ್ದರು. ಎರಡು, ಆ ಪದರ ಹಳೆಯದಾದರೆ ಸ್ಪಿರಿಟ್ ಹಾಕಿ ಒರೆಸಿ, ಮತ್ತೆ ಹೊಸದಾಗಿ ಹಾಕಬಹುದಿತ್ತು.

ಮುಂದಿನ ಹೆಜ್ಜೆ ರಸಾಯನಶಾಸ್ತ್ರದ್ದು. 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಹತ್ತಿಯನ್ನು ಆಮ್ಲದಲ್ಲಿ ಅದ್ದಿ ನೈಟ್ರೋಸೆಲ್ಯುಲೋಸ್ ಮಾಡಿದ. ಮೊದಲು ಅದು ಸಿಡಿಮದ್ದು, ಆಮೇಲೆ ಸಿನಿಮಾ ರೀಲು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಅದರಿಂದಲೇ ಡ್ಯೂಕೋ ಎಂಬ ಲ್ಯಾಕರ್ ಮಾಡಿ ಜನರಲ್ ಮೋಟಾರ್ಸ್‌ನ ಓಕ್ಲೆಂಡ್ ಕಾರಿಗೆ ಹಚ್ಚಿತು. ಅದಕ್ಕೂ ಮೊದಲು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು, ಈಗ ಗಂಟೆಗಳಲ್ಲಿ ಮುಗಿಯಿತು. ನಮ್ಮ ಗ್ಯಾರೇಜುಗಳಲ್ಲಿ ಪೇಂಟರ್‌ಗಳು 'ಎನ್‌ಸಿ ಕ್ಲಿಯರ್' ಅನ್ನುತ್ತಾರಲ್ಲ, ಅದೇ ಇದು. ಬೆಂಕಿ ಹತ್ತುವ ವಿಷಯದಲ್ಲಿ ಅರಗಿನ ಮನೆಗೆ ಅಣ್ಣ. ಅದರ ದೌರ್ಬಲ್ಯವೆಂದರೆ ಬಿಸಿಲಿಗೆ ಹಳದಿಯಾಗುವುದು. 1950ರ ದಶಕದಲ್ಲಿ ಕಾರುಗಳಿಗೆ ಅಕ್ರಿಲಿಕ್ ಲ್ಯಾಕರ್ ಬಂದಾಗ ಅದು ಎಷ್ಟೋ ಕಡಿಮೆಯಾಯಿತು.

ಉಜ್ಜುವವರು, ಉಜ್ಜದವರು

ಈಗ ಬೈಕಿಗೆ ಬರೋಣ. 1950ರ ದಶಕದವರೆಗೆ ಬೈಕು ಅಂದರೆ ಬ್ರಿಟನ್. ಟ್ರಯಂಫ್, ಬಿಎಸ್‌ಎ, ನಾರ್ಟನ್. ಅವುಗಳ ಇಂಜಿನ್ ಕವರುಗಳು ಬರೀ ಪಾಲಿಶ್ ಮಾಡಿದ ಅಲ್ಯೂಮಿನಿಯಂ. 1959ರಲ್ಲಿ ಬಂದ ಟ್ರಯಂಫ್ ಬಾನೆವಿಲ್ ಕೊಂಡವನು ವಾರಾಂತ್ಯದಲ್ಲಿ ಆಯಿಲ್ ಸೋರಿದ್ದನ್ನು ಒರೆಸಿ, ಕವರು ಉಜ್ಜಿ, ಸೋಮವಾರ ಕೆಲಸಕ್ಕೆ ಹೋಗುತ್ತಿದ್ದ. ಅದನ್ನು ಯಾರೂ ದೂರು ಅಂತ ಹೇಳುತ್ತಿರಲಿಲ್ಲ. ಬೈಕು ಇಟ್ಟುಕೊಳ್ಳುವುದು ಅಂದರೆ ಅದೇ ಆಗಿತ್ತು. ನಮ್ಮಪ್ಪ ಈ ಪಂಗಡ.

ಹೋಂಡಾ ಬೇರೆ ಜನರನ್ನು ಹುಡುಕಿಕೊಂಡು ಬಂತು. 1959ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕನ್ ಹೋಂಡಾ ಅಂಗಡಿ ತೆರೆದಾಗ ಅದರ ಕಣ್ಣಿದ್ದದ್ದು ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರ ಮೇಲೆ. ವಿದ್ಯಾರ್ಥಿ, ಗೃಹಿಣಿ, ಆಫೀಸಿಗೆ ಹೋಗುವವರು. 1963ರ ಹೊತ್ತಿಗೆ ಹೋಂಡಾ ಓಡಿಸುವವರು ಒಳ್ಳೆಯ ಜನ ಎಂಬರ್ಥದ ಅದರ ಜಾಹೀರಾತು ಮನೆಮಾತಾಗಿತ್ತು. ಸೆಲ್ಫ್ ಸ್ಟಾರ್ಟ್ ಇತ್ತು, ಆಯಿಲ್ ಸೋರುತ್ತಿರಲಿಲ್ಲ, ಬಟ್ಟೆ ಕೊಳೆಯಾಗುತ್ತಿರಲಿಲ್ಲ. ಟ್ರಯಂಫ್‌ನ ಮುಖ್ಯಸ್ಥ ಎಡ್ವರ್ಡ್ ಟರ್ನರ್ 1960ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬೆಚ್ಚಿ ವರದಿ ಬರೆದ.

ಆ ಕಾರ್ಖಾನೆಗಳ ಒಂದು ಗುಟ್ಟು ಪ್ರೆಷರ್ ಡೈ ಕಾಸ್ಟಿಂಗ್. ಮರಳಿನ ಅಚ್ಚಿಗೆ ಲೋಹ ಸುರಿಯುವ ಬದಲು, ಉಕ್ಕಿನ ಅಚ್ಚಿಗೆ ಭಾರೀ ಒತ್ತಡದಲ್ಲಿ ಲೋಹ ನುಗ್ಗಿಸುವುದು. ಒಂದೇ ಅಚ್ಚಿನಿಂದ ಸಾವಿರಾರು ಕವರು, ಎಲ್ಲವೂ ಒಂದೇ ಅಳತೆ. 1969ರ ಪ್ರಸಿದ್ಧ ಹೋಂಡಾ ಸಿಬಿ750 ಕೂಡ ಮೊದಲ ಸುಮಾರು 7,400 ಇಂಜಿನ್‌ಗಳವರೆಗೆ ಹಳೆಯ ರೀತಿಯ ಎರಕದಲ್ಲಿ ಬಂದು, ಬೇಡಿಕೆ ನೋಡಿದ ಮೇಲೆ ಡೈ ಕಾಸ್ಟಿಂಗಿಗೆ ಬದಲಾಯಿತು.

ಈ ವಿಧಾನಕ್ಕೆ ಲೋಹ ನೀರಿನಂತೆ ಹರಿಯಬೇಕು. ಅದಕ್ಕೆ ಅಲ್ಯೂಮಿನಿಯಂಗೆ ಸಿಲಿಕಾನ್ ಬೆರೆಸುತ್ತಾರೆ. ಜಪಾನಿನಲ್ಲಿ ಹುಟ್ಟಿ ಈಗ ನಮ್ಮಲ್ಲೂ ಬಳಕೆಯಲ್ಲಿರುವ ಎಡಿಸಿ12 ಎಂಬ ಮಿಶ್ರಲೋಹದಲ್ಲಿ ಸಿಲಿಕಾನ್ ಸುಮಾರು ಶೇಕಡಾ 10ರಿಂದ 12ರಷ್ಟಿದೆ. ಇಲ್ಲೊಂದು ತೊಡಕು. ಅಲ್ಯೂಮಿನಿಯಂ ಹೊಳಪು ಕಾಯಲು ಅತ್ಯುತ್ತಮ ದಾರಿ ಆನೊಡೈಸಿಂಗ್. 1923ರಲ್ಲಿ ಬ್ರಿಟನ್ನಿನಲ್ಲಿ ಬೆಂಗೊ ಮತ್ತು ಸ್ಟುವರ್ಟ್ ಎಂಬುವರು ಸಮುದ್ರ ವಿಮಾನದ ಭಾಗಗಳಿಗಾಗಿ ರೂಪಿಸಿದ್ದು. ಕರೆಂಟ್ ಹರಿಸಿ, ಹುಟ್ಟಿನಿಂದ ಬಂದ ಆ ಆಕ್ಸೈಡ್ ಪದರವನ್ನೇ ದಪ್ಪ ಮಾಡುವುದು. ಆದರೆ ಸಿಲಿಕಾನ್ ಹೆಚ್ಚಿರುವ ಎರಕಕ್ಕೆ ಆನೊಡೈಸ್ ಮಾಡಿದರೆ ಸಿಲಿಕಾನ್ ಕಣಗಳು ಹಾಗೇ ಉಳಿದು ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊಳಪು ಹೋಗುತ್ತದೆ.

ಹಾಗಾದರೆ ಹೊಳಪೂ ಬೇಕು, ಉಜ್ಜುವ ಕೆಲಸವೂ ಬೇಡ ಅಂದರೆ? ಉಳಿದ ದಾರಿ ಪಾರದರ್ಶಕ ಲ್ಯಾಕರ್. ಹೋಂಡಾ ತನ್ನ ಕವರುಗಳನ್ನು ಪಾಲಿಶ್ ಮಾಡಿ ಮೇಲೆ ಕ್ಲಿಯರ್ ಹೊಡೆಯಿತು. ಅಂಗಡಿಯಲ್ಲಿ ಗಾಡಿ ಮಿನುಗುತ್ತಿತ್ತು. ಮನೆಗೆ ತಂದ ಮೇಲೂ ವರ್ಷಗಟ್ಟಲೆ ಒಂದು ಒದ್ದೆ ಬಟ್ಟೆ ಸಾಕಿತ್ತು. ನಾನು ಅಪ್ಪನಿಗೆ ಹೇಳಿದ ಮಾತನ್ನು ಹೋಂಡಾ ಲಕ್ಷಾಂತರ ಜನರಿಗೆ ಹೇಳಿತ್ತು.

ಪದರದ ಕೆಳಗಿನ ಗೆದ್ದಲು

ಮಾತು ಸುಳ್ಳಲ್ಲ, ಆದರೆ ಅದಕ್ಕೊಂದು ಆಯಸ್ಸಿದೆ. 1970ರಲ್ಲಿ ಹೊಸ ಹೋಂಡಾ ಕೊಂಡವನಿಗೆ ಹೊಳಪು ಪುಕ್ಕಟೆ ಸಿಕ್ಕಿತು. ಅದೇ ಗಾಡಿಯನ್ನು ಮೂವತ್ತು, ನಲವತ್ತು ವರ್ಷದ ಮೇಲೆ ಕೊಂಡವನಿಗೆ ಸಿಕ್ಕಿದ್ದು ಹಳದಿಗಟ್ಟಿ, ಪಕಳೆ ಎದ್ದು, ಒಳಗೆ ಬಿಳಿ ಹಿಡಿದ ಕವರು. ಹಳೆಯ ಜಪಾನಿ ಬೈಕು ರಿಪೇರಿ ಮಾಡುವವರೆಲ್ಲ ಮೊದಲು ಮಾಡುವ ಕೆಲಸವೇ ಆ ಲ್ಯಾಕರ್ ಕಿತ್ತುಹಾಕುವುದು. ಉಜ್ಜುವ ಕೆಲಸ ಮಾಯವಾಗಿರಲಿಲ್ಲ. ಅಷ್ಟೂ ವಾರಗಳ ಕೆಲಸ ಒಟ್ಟಾಗಿ, ಬಡ್ಡಿ ಸಮೇತ, ಕೊನೆಯವನ ತಲೆಗೆ ಬಿದ್ದಿತ್ತು. ನಮ್ಮ ಆಫೀಸಿನಲ್ಲಿ ಇದಕ್ಕೆ ಟೆಕ್ನಿಕಲ್ ಡೆಟ್ ಅನ್ನುತ್ತೇವೆ :)

ಪದರ ಸಾಯುವ ದಾರಿ ಎರಡು. ಮೊದಲನೆಯದು ಮೇಲಿನಿಂದ. ಬಿಸಿಲಿನ ಅತಿನೇರಳೆ ಕಿರಣ ರಾಳದ ಸರಪಣಿಗಳನ್ನು ಕತ್ತರಿಸುತ್ತದೆ. ಪದರ ಮಂಕಾಗಿ, ಪೆಡಸಾಗಿ, ಬಿರುಕು ಬಿಡುತ್ತದೆ. ಇದನ್ನು ತಡೆಯುವ ಒಳ್ಳೆಯ ರಾಸಾಯನಿಕಗಳು 1970ರ ದಶಕದಿಂದ ಬಳಕೆಗೆ ಬಂದವು. ಅದಕ್ಕಿಂತ ಹಳೆಯ ಲ್ಯಾಕರಿಗೆ ಆ ರಕ್ಷಣೆ ಇರಲಿಲ್ಲ.

ಎರಡನೆಯದು ಕೆಳಗಿನಿಂದ. ಅಪ್ಪ ಗೆದ್ದಲು ಅಂದದ್ದಕ್ಕೆ ವಿಜ್ಞಾನದಲ್ಲೂ ಹೆಚ್ಚುಕಮ್ಮಿ ಅಂಥದ್ದೇ ಹೆಸರಿದೆ. ಫಿಲಿಫಾರ್ಮ್ ಕೊರೋಷನ್, ಅಂದರೆ ದಾರದ ಆಕಾರದ ತುಕ್ಕು. 1944ರಲ್ಲಿ ಶರ್ಮನ್ ಎಂಬಾತ ಲ್ಯಾಕರ್ ಹಚ್ಚಿದ ಉಕ್ಕಿನ ಮೇಲೆ ಇದನ್ನು ಕಂಡು 'ನೇಚರ್' ಪತ್ರಿಕೆಯಲ್ಲಿ ಬರೆದ. ಅಲ್ಯೂಮಿನಿಯಂಗೂ ಇದು ಬರುತ್ತದೆ. ಒಂದು ಕಲ್ಲೇಟು, ಒಂದು ಅಂಚು, ಒಂದು ಚಿಟಿಕೆ ಉಪ್ಪು, ಜೊತೆಗೆ ತೇವದ ಗಾಳಿ ಇಷ್ಟು ಸಾಕು. ದಾರದ ತಲೆಯಲ್ಲಿ ಆಮ್ಲಜನಕ ಕಮ್ಮಿ, ಆಮ್ಲ ಹೆಚ್ಚು, ಅಲ್ಲಿ ಲೋಹ ಕರಗುತ್ತದೆ. ಬಾಲದಿಂದ ಗಾಳಿ ಒಳಗೆ ಬರುತ್ತದೆ. ಈ ವ್ಯತ್ಯಾಸವೇ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಹಿಂದೆ ಒಣಗಿದ ಬಿಳಿ ಪುಡಿ ಉಳಿಯುತ್ತದೆ. ಒಂದು ದಾರ ಇನ್ನೊಂದರ ಹಾದಿಯನ್ನು ಸಾಮಾನ್ಯವಾಗಿ ದಾಟುವುದಿಲ್ಲ. ನೋಡಿದರೆ ನಿಜಕ್ಕೂ ಜೀವ ಇರುವ ಹುಳು ಅನ್ನಿಸುತ್ತದೆ.

ಬರಿಯ ಲೋಹವಾಗಿದ್ದರೆ ಆ ಉಪ್ಪು ಮುಂದಿನ ಭಾನುವಾರ ಬಟ್ಟೆಯಲ್ಲಿ ಹೋಗುತ್ತಿತ್ತು. ಪದರದ ಕೆಳಗೆ ಸಿಕ್ಕಿಕೊಂಡದ್ದರಿಂದ ಅದಕ್ಕೆ ಹೇಳೋರು ಕೇಳೋರು ಇರಲಿಲ್ಲ.

ಸರಿ, ಉಪ್ಪು ಎಲ್ಲಿಂದ ಬಂತು? ಮೈಸೂರಿನಲ್ಲಿ ಸಮುದ್ರವೂ ಇಲ್ಲ, ರಸ್ತೆಗೆ ಉಪ್ಪು ಹಾಕುವ ಹಿಮವೂ ಇಲ್ಲ. ಕವರನ್ನು ಕೈಗೆ ತೊಗೊಂಡು ಬೆಳಕಿಗೆ ಹಿಡಿದಾಗ ಉತ್ತರ ಸಿಕ್ಕಿತು. ಗೆರೆಗಳಲ್ಲಿ ಹೆಚ್ಚಿನವು ಒಂದೇ ಜಾಗದಿಂದ ಹೊರಟಿದ್ದವು, ಅಂಚಿನ ಹತ್ತಿರ, ಸ್ಪ್ರೇ ಹೊಡೆಯುವ ಮೊದಲು ನಾನು ಕವರನ್ನು ಹಿಡಿದಿದ್ದ ಜಾಗ. ಹೆಬ್ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತು. ಲಂಡನ್ನಿನ ಆ ಕುಶಲಕರ್ಮಿಗಳು ಬೆವರು ಹೊರಗಿಡಲು ಹಾಕುತ್ತಿದ್ದ ಪದರವನ್ನು, ನಾನು ಬೆವರು ಒಳಗಿಟ್ಟು ಹಾಕಿದ್ದೆ.

ಕಿತ್ತು ಹಾಕುವ ಚರಿತ್ರೆ

ಹಾಕುವುದಕ್ಕೆ ಇರುವಷ್ಟೇ ಇತಿಹಾಸ ತೆಗೆಯುವುದಕ್ಕೂ ಇದೆ. ಶೆಲ್ಲಾಕ್ ಸ್ಪಿರಿಟ್ಟಿಗೆ ಕರಗುತ್ತದೆ. ನೈಟ್ರೋಸೆಲ್ಯುಲೋಸ್, ಅಕ್ರಿಲಿಕ್ ಲ್ಯಾಕರುಗಳು ಎಷ್ಟೋ ವರ್ಷದ ಮೇಲೂ ಥಿನ್ನರಿಗೆ ಕರಗುತ್ತವೆ. ಇವೆಲ್ಲ ಬರೀ ಒಣಗಿದವು.

1937ರಲ್ಲಿ ಜರ್ಮನಿಯ ಓಟ್ಟೊ ಬೇಯರ್ ಪಾಲಿಯುರೆಥೇನ್ ರಸಾಯನ ಕಂಡುಹಿಡಿದ ಮೇಲೆ ಬೇರೊಂದು ಜಾತಿ ಹುಟ್ಟಿತು. ನಮ್ಮ ಪೇಂಟರ್‌ಗಳು ಟೂ-ಕೆ ಅನ್ನುವುದು ಇದಕ್ಕೆ. ಎರಡು ಡಬ್ಬಿಯ ದ್ರವ ಬೆರೆಸಿದರೆ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಪೆಟ್ರೋಲು, ಬಿಸಿಲು ಎರಡಕ್ಕೂ ಜಗ್ಗುವುದಿಲ್ಲ. ಆದರೆ ಗಟ್ಟಿಯಾದ ಮೇಲೆ ಥಿನ್ನರಿಗೂ ಜಗ್ಗುವುದಿಲ್ಲ. ಅದರ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಆಸ್ತಮಾ ತರುತ್ತದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಮನೆಯಲ್ಲಿ ಹೊಡೆಯುವ ಸಾಹಸ ದಯವಿಟ್ಟು ಬೇಡ.

ಇಂಥ ಗಟ್ಟಿ ಪದರ ಕೀಳಲು ದಶಕಗಳ ಕಾಲ ಎಲ್ಲರೂ ನಂಬಿದ್ದು ಮೆಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್. ಹಚ್ಚಿದ ಹತ್ತು ನಿಮಿಷಕ್ಕೆ ಪದರ ಸುಕ್ಕುಗಟ್ಟಿ ಏಳುತ್ತದೆ. ಆದರೆ ಗಾಳಿಯಾಡದ ಕೋಣೆಯಲ್ಲಿ ಅದರ ಹಬೆ ಕುಡಿದು ಸತ್ತವರಿದ್ದಾರೆ. ಅಮೆರಿಕ 2019ರಲ್ಲಿ ಅದನ್ನು ಸಾಮಾನ್ಯ ಗ್ರಾಹಕರಿಗೆ ಪೇಂಟ್ ತೆಗೆಯಲು ಮಾರುವುದನ್ನು ನಿಷೇಧಿಸಿತು, 2024ರಲ್ಲಿ ಇನ್ನೂ ಬಿಗಿ ಮಾಡಿತು. ಕಾರ್ಖಾನೆಗಳಲ್ಲಿ ಬಣ್ಣ ಹಿಡಿಯಲೆಂದು ಅಲ್ಯೂಮಿನಿಯಂಗೆ ಕೊಡುತ್ತಿದ್ದ ಕ್ರೋಮೇಟ್ ಉಪಚಾರದ ಕಥೆಯೂ ಇಂಥದ್ದೇ. ಗೆದ್ದಲು ತಡೆಯುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಆದರೆ ಅದರಲ್ಲಿದ್ದ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ.

ಇದನ್ನೆಲ್ಲ ಓದುವಾಗ ಮ್ಯೂಸಿಯಂನವರ ಒಂದು ನಿಯಮ ಕಣ್ಣಿಗೆ ಬಿತ್ತು. ಹಳೆಯ ಲೋಹದ ವಸ್ತುವಿಗೆ ಪದರ ಹಾಕುವಾಗ ಅವರು ಎಷ್ಟು ದಿನ ಬಾಳುತ್ತದೆ ಎನ್ನುವುದರ ಜೊತೆಗೆ, ಮುಂದೆ ಬರುವವನು ಇದನ್ನು ವಸ್ತುವಿಗೆ ನೋವಾಗದಂತೆ ತೆಗೆಯಬಲ್ಲನೇ ಅಂತಲೂ ಕೇಳುತ್ತಾರೆ. ಅದಕ್ಕೇ ಪ್ಯಾರಲಾಯ್ಡ್ ಬಿ-72ನಂಥ, ಅಸಿಟೋನಿಗೆ ಮತ್ತೆ ಕರಗುವ ಅಕ್ರಿಲಿಕ್ ರಾಳವನ್ನು ಬಳಸುತ್ತಾರೆ.

ನನ್ನ ಅದೃಷ್ಟಕ್ಕೆ ನಾನು ಹೊಡೆದಿದ್ದು ಅಗ್ಗದ ಲ್ಯಾಕರ್. ಥಿನ್ನರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟೆ, ಜಾರಿ ಬಂತು. ಕೆಳಗಿನ ಗೆರೆಗಳು ಮಾತ್ರ ಲೋಹಕ್ಕೇ ಕೊರೆದಿದ್ದವು. 400ರ ವಾಟರ್ ಪೇಪರಿನಿಂದ ಶುರುಮಾಡಿ 600, 800, 1000, 1500, 2000ದವರೆಗೆ. ಪ್ರತಿ ಸಲ ಹಿಂದಿನ ಗೀರಿಗೆ ಅಡ್ಡವಾಗಿ ಉಜ್ಜಬೇಕು, ಹಿಂದಿನದು ಪೂರ್ತಿ ಹೋಗುವವರೆಗೆ ಮುಂದಿನ ಕಾಗದ ಮುಟ್ಟಬಾರದು. ಒಂದು ಕವರಿಗೆ ಒಂದು ದಿನ. ನನ್ನ ಮಣಿಕಟ್ಟು ಏನಾಯ್ತು ಅಂತ ಕೇಳಬೇಡಿ.

ಆಮೇಲೆ ಬಫಿಂಗ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಕವರು ತಿರುಗಿಸಿ ನೋಡಿ, "ಕನ್ನಡಿ ಥರ ಮಾಡಿ ಅದ್ರ ಮೇಲೆ ಕ್ಲಿಯರ್ ಹೊಡೆದ್ರೆ ಹಿಡಿಯಲ್ಲ ಸಾರ್, ಹಿಡಿಯೋಕೆ ಅದಕ್ಕೇನಾದ್ರೂ ಒರಟು ಬೇಕಲ್ವಾ?" ಅಂದರು. ನಿಜ. ಅತಿ ನುಣುಪಾದ ಮೈಗೆ ಲ್ಯಾಕರ್ ಸರಿಯಾಗಿ ಅಂಟುವುದಿಲ್ಲ. ಮಳೆಗಾಲದಲ್ಲಿ ಹೊಡೆದರೆ ಇನ್ನೊಂದು ತೊಂದರೆ, ದ್ರಾವಕ ಆರುವ ತಂಪಿಗೆ ಗಾಳಿಯ ತೇವ ಕೂತು ಪದರ ಬೆಳ್ಳಗಾಗುತ್ತದೆ. ನಾನು ಆ ಎಲ್ಲ ತಪ್ಪುಗಳನ್ನೂ ಒಂದೇ ಮಧ್ಯಾಹ್ನ ಮಾಡಿದ್ದೆ!

ಕಲಾಯಿ

ಕವರುಗಳು ಮತ್ತೆ ಹೊಳೆಯುತ್ತಾ ಮನೆಗೆ ಬಂದವು. ಈಗ ನಿಜವಾದ ಪ್ರಶ್ನೆ. ಮತ್ತೆ ಕ್ಲಿಯರ್ ಹೊಡೆಯಬೇಕಾ? ಈ ಸಲ ಕೈಗವಸು ಹಾಕಿ, ಲೋಹ ಬೆಚ್ಚಗೆ ಮಾಡಿ, ಒಣ ದಿನ ನೋಡಿ, ಸರಿಯಾಗಿ ಮಾಡಬಲ್ಲೆ. ಅಪ್ಪನ ಕೈನೋವು ಇನ್ನೂ ಇದೆ. ಅಪ್ಪನನ್ನೇ ಕೇಳಿದೆ.

ಅಪ್ಪ ನೇರ ಉತ್ತರ ಕೊಡಲಿಲ್ಲ. "ನಮ್ಮನೇಗೆ ಕಲಾಯಿಯವ್ರು ಬರ್ತಿದ್ರು ಗೊತ್ತಾ?" ಅಂದರು. ಅವರ ಚಿಕ್ಕಂದಿನಲ್ಲಿ ಬೀದಿಗೆ ಕಲಾಯಿಯವರು ಬಂದರೆ ಎಲ್ಲರ ಮನೆಯ ಹಿತ್ತಾಳೆ ಪಾತ್ರೆಗಳೂ ಹೊರಗೆ ಬರುತ್ತಿದ್ದವಂತೆ. ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. "ಕಲಾಯಿ ಹೋಗತ್ತೆ ಅಂತ ಎಲ್ರಿಗೂ ಗೊತ್ತಿತ್ತು. ಹೋದ್ರೆ ಮತ್ತೆ ಹಾಕಿಸ್ತಿದ್ವಿ. ಹೋಗಲ್ಲ ಅಂತ ಯಾರೂ ಹೇಳ್ತಿರ್ಲಿಲ್ಲ."

ನಾನು ಎರಡು ತಿಂಗಳು ಓದಿದ್ದನ್ನು ಅಪ್ಪ ಎರಡು ನಿಮಿಷದಲ್ಲಿ ಹೇಳಿದರು. ಲಂಡನ್ನಿನ ಶೆಲ್ಲಾಕಿನವರಿಗೂ, ನಮ್ಮ ಕಲಾಯಿಯವರಿಗೂ ಪದರ ಅಂದರೆ ಆಗಾಗ ಹೊಸದು ಮಾಡಬೇಕಾದ್ದು. 1960ರ ದಶಕದಲ್ಲಿ ಬೈಕಿನ ಜೊತೆ ಮಾರಿದ ಪದರ, ನಾನು ಡಬ್ಬಿಯಲ್ಲಿ ತಂದ ಪದರ, ಇನ್ನು ಮೇಲೆ ಏನೂ ಮಾಡಬೇಕಾಗಿಲ್ಲ ಎಂಬ ಮಾತಿನೊಂದಿಗೆ ಬಂದವು. ಕೆಟ್ಟದ್ದು ಲ್ಯಾಕರ್ ಅಲ್ಲ. ಬೈಕನ್ನು ದಿನಾ ಮಳೆಯಲ್ಲಿ ಓಡಿಸುವವರು, ಕರಾವಳಿಯವರು, ಉಜ್ಜಲು ಸಮಯ ಇಲ್ಲದವರು ಧಾರಾಳವಾಗಿ ಹೊಡೆಯಿರಿ. ಆದರೆ ಮತ್ತೆ ತೆಗೆಯಬಹುದಾದ ಜಾತಿಯದ್ದನ್ನು ಆರಿಸಿ, ಕೆಲವು ವರ್ಷಕ್ಕೊಮ್ಮೆ ತೆಗೆದು ಹಾಕುವ ಲೆಕ್ಕವಿಟ್ಟುಕೊಂಡೇ ಹೊಡೆಯಿರಿ.

ಇನ್ನೊಂದು ವಿಷಯ ಅಮ್ಮ ಹೇಳಿದ್ದು. ಆ ಎರಡು ವರ್ಷ ಅಪ್ಪ ಭಾನುವಾರ ಬೆಳಿಗ್ಗೆ ಗಾಡಿ ಹತ್ತಿರ ಕೂರುತ್ತಲೇ ಇರಲಿಲ್ಲವಂತೆ. ಒರೆಸೋಕೆ ಐದು ನಿಮಿಷ ಸಾಕಲ್ಲ. ಪೇಪರ್ ಹಿಡಿದು ಟಿವಿ ಮುಂದೆ ಕೂರುತ್ತಿದ್ದರಂತೆ. ನೋವು ಕಮ್ಮಿಯಾಗಲಿ ಅಂತ ನಾನು ತೆಗೆದುಕೊಂಡದ್ದು ಬರೀ ನೋವನ್ನಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟು. ಕವರುಗಳು ಬರಿಯ ಲೋಹವಾಗಿಯೇ ಇವೆ, ಮೇಲೆ ತೆಳ್ಳಗೆ ಮೇಣದ ಪಾಲಿಶ್ ಮಾತ್ರ. ತಿಂಗಳಿಗೆ ಎರಡು ಭಾನುವಾರ ನಾನು ಬೆಂಗಳೂರಿನಿಂದ ಹೋಗುತ್ತೇನೆ. ಬಲಗಡೆ ಕವರು ನನ್ನದು, ಎಡಗಡೆಯದು ಅಪ್ಪನದು. ಎಡಗಡೆಯದು ಕಷ್ಟ, ಕಿಕ್ಕರ್ ಅಡ್ಡ ಬರುತ್ತದೆ, ನಾನು ಮಾಡ್ತೀನಿ ಅಂದರೆ ಬಿಡುವುದಿಲ್ಲ. ಹೋದ ವಾರ ನನ್ನ ಬದಿ ನೋಡಿ "ಮೂಲೇಲಿ ಹೋಗಿಲ್ಲ" ಅಂದರು. ಅಮ್ಮ ಎರಡನೇ ಸಲ ತಿಂಡಿಗೆ ಕರೆಯುತ್ತಿದ್ದರು.

ನಿಮ್ಮ ಮನೆಯಲ್ಲೂ ಹಳೆಯ ಜಾವಾ, ಯೆಜ್ಡಿ, ಬುಲೆಟ್, ಆರ್‌ಎಕ್ಸ್ ಇದ್ದರೆ ಅದರ ಕವರುಗಳ ಕಥೆ ತಿಳಿಸಿ. ಕಲಾಯಿಯವರು ಇನ್ನೂ ಬರುವ ಬೀದಿ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಹೇಳಿ. ಅಟ್ಟದ ಮೇಲೆ ಅಜ್ಜಿಯ ಎರಡು ಹಿತ್ತಾಳೆ ಪಾತ್ರೆ ಇವೆ.